ಉತ್ತರ ಧ್ರುವದ ಕೆರೆಯಲ್ಲಿ ಚೆಂಡು ಹೂವು

ದೋಹಾದಲ್ಲಿ ನಾನು ಮಾಡುವ ಕೆಲಸ ಏನೆಂದು ಊರಿನವರಿಗೆ ಹೇಳಿ ಮುಗಿಸುವುದು ನನ್ನಿಂದ ಇನ್ನೂ ಆಗಿಲ್ಲ. ನಮ್ಮ ಬಾಗಲಕೋಟೆ ಕಡೆಯಿಂದ ಬಂದ ಹುಡುಗರೆಲ್ಲ ಎಣ್ಣೆ, ಗ್ಯಾಸು, ಕಟ್ಟಡ ಎಂದು ಹೆಲ್ಮೆಟ್ ಹಾಕಿಕೊಂಡು ಫೋಟೊ ಕಳಿಸುತ್ತಾರೆ. ನಾನಿರುವುದೂ ಎಣ್ಣೆ ಕಂಪನಿಗಳಿಗೆ ಪರೀಕ್ಷೆ ಮಾಡಿಕೊಡುವ ಲ್ಯಾಬಿನಲ್ಲೇ. ಆದರೆ ನನ್ನ ಕೆಲಸ ಪರಾಗ ಎಣಿಸುವುದು. ಬಾವಿ ಕೊರೆಯುವಾಗ ಮೇಲೆ ಬರುವ ಕಲ್ಲಿನ ಪುಡಿಯಲ್ಲಿ ಯಾವುದೋ ಕಾಲದ ಗಿಡಗಳ ಪರಾಗ ಸಿಕ್ಕಿಕೊಂಡಿರುತ್ತದೆ. ಅದನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಕಲ್ಲಿನ ವಯಸ್ಸು ಹೇಳುತ್ತಾರೆ. ಹೇಳುವವರು ನಮ್ಮ ಮೇಡಂ. ನಾನು ಪುಡಿಯನ್ನು ಆಸಿಡ್‌ನಲ್ಲಿ ಬೇಯಿಸುವವನು, ಗಾಜಿನ ಸ್ಲೈಡಿಗೆ ಹಚ್ಚುವವನು, ಮೊದಲ ಎಣಿಕೆ ಮಾಡುವವನು. ಇಷ್ಟನ್ನೂ ಫೋನಿನಲ್ಲಿ ವಿವರಿಸಿದಾಗ ಅವ್ವ, "ಅಷ್ಟ್ ದೂರ ಹೋಗಿ ಹೂವಿನ ಅಂಗಡ್ಯಾಗ ಕುಂತಿ ಏನಪಾ?" ಎಂದು ಕೇಳಿದಳು. ಓಣಿಯಲ್ಲಿ ಅವಳು ಈಗಲೂ ನಾನು ಎಣ್ಣೆ ಬಾವಿ ಕೊರೆಯುವ ರಿಗ್ಗಿನಲ್ಲಿದ್ದೇನೆ ಎಂದೇ ಹೇಳುವುದು.

ಮೇಡಂ ಉಡುಪಿ ಕಡೆಯವರು. ಮನೆಯಲ್ಲಿ ಕೊಂಕಣಿ, ಲ್ಯಾಬಿನಲ್ಲಿ ಇಂಗ್ಲಿಷ್, ನಾನು ತಪ್ಪು ಮಾಡಿದಾಗ ಮಾತ್ರ ಕನ್ನಡ. ಹಾಗಾಗಿ ನಾನು ಸೇರಿದ ಮೇಲೆ ಆ ಲ್ಯಾಬಿನಲ್ಲಿ ಕನ್ನಡ ಸಾಕಷ್ಟು ಬೆಳೆದಿದೆ.

ಕಾರಿನ ಬಾಗಿಲ ಹಿಡಿಕೆ ಮುಟ್ಟಿದರೆ ಬೊಬ್ಬೆ ಏಳುವಂಥ ಒಂದು ಬೇಸಿಗೆಯಲ್ಲಿ ಮೇಡಂ ಹೆಸರಿಗೆ ಒಂದು ಥರ್ಮೋಕೋಲ್ ಪೆಟ್ಟಿಗೆ ಬಂತು. ಇಳಿಸಿಕೊಳ್ಳಲು ಗೇಟಿಗೆ ಹೋದವನು ನಾನು. ಒಳಗೇನು ಎಂದು ಸೆಕ್ಯುರಿಟಿಯವನು ಹಿಂದಿಯಲ್ಲಿ ಕೇಳಿದ. ಮಣ್ಣು ಎಂದೆ. ಎಲ್ಲಿಯದು ಎಂದ. ಉತ್ತರ ಧ್ರುವದ ಹತ್ತಿರದ್ದು ಎಂದೆ. ಅವನು ಗೇಟಿನಾಚೆ ಹರಡಿಕೊಂಡಿದ್ದ ಮರಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಇದು ಸಾಲಲಿಲ್ಲವೇ ಎಂಬಂತೆ ಕೈ ಮಾಡಿ ಬಿಟ್ಟುಬಿಟ್ಟ.

ಅದು ಟಂಡ್ರಾದ ಕೆರೆಗಳ ತಳದ ಹೂಳು. ಮೇಡಂ ಜೊತೆ ಓದಿದ ಒಬ್ಬರು ಪರದೇಶದಲ್ಲಿ ವಿಜ್ಞಾನಿ. ಅವರು ಬೇಸಿಗೆಯ ಬೆಳಕಿನಲ್ಲಿ ಸೊಳ್ಳೆ ಕಡಿಸಿಕೊಳ್ಳುತ್ತ ಒಂದೊಂದೇ ಕೆರೆಗೆ ನಡೆದು, ತಳದ ಮೇಲ್ಪದರದ ಹೂಳನ್ನು ಡಬ್ಬಿಗೆ ತುಂಬಿ, ದಂಡೆಯಲ್ಲಿ ಏನೇನು ಬೆಳೆದಿದೆ ಎಂದು ಫೋಟೊ ತೆಗೆದು ಕಳಿಸಿದ್ದರು. ಎಣಿಸಿಕೊಡುವುದಾಗಿ ಮೇಡಂ ಒಪ್ಪಿಕೊಂಡಿದ್ದರು. ಕೇಳಬೇಕಾಗಿದ್ದ ಪ್ರಶ್ನೆ ಸರಳವಾದದ್ದು. ದಂಡೆಯ ಮೇಲಿರುವ ಗಿಡಗಳಿಗೂ ಕೆರೆಯ ಹೂಳಿನಲ್ಲಿ ಸಿಗುವ ಪರಾಗಕ್ಕೂ ತಾಳೆ ಆಗುತ್ತದೆಯೇ? ಇವತ್ತಿನ ತಾಳೆ ಗೊತ್ತಾದರೆ ಕೆಳಗಿನ ಹಳೆಯ ಹೂಳನ್ನು ನೋಡಿ ಹಿಂದೆ ಅಲ್ಲಿ ಏನು ಬೆಳೆದಿತ್ತೆಂದು ಧೈರ್ಯವಾಗಿ ಹೇಳಬಹುದು.

ನಾನು ಧೈರ್ಯಕ್ಕೆ ಅಷ್ಟು ಕಾಯುವವನಲ್ಲ. ಮೊದಲ ಸ್ಲೈಡಿನಲ್ಲೇ ಎರಡು ಬಲೂನು ಕಟ್ಟಿಕೊಂಡಂಥ ಪರಾಗ ಕಂಡಿತು. ಅದು ಪೈನ್ ಮರದ್ದು, ಅಷ್ಟು ನನಗೂ ಗೊತ್ತು. ಮತ್ತೊಂದು ಕಂಡಿತು, ಮಗದೊಂದು ಕಂಡಿತು. ಎದ್ದು ಹೋಗಿ ಮೇಡಂ ಬಾಗಿಲಲ್ಲಿ ನಿಂತು, "ಮೇಡಂ, ಕೆರೀ ಸುತ್ತ ಭರ್ಜರಿ ಪೈನ್ ಕಾಡು ಐತ್ರಿ" ಎಂದು ವರದಿ ಒಪ್ಪಿಸಿದೆ.

ಮೇಡಂ ಫೋಟೊ ತಿರುಗಿಸಿ ತೋರಿಸಿದರು. ಹುಲ್ಲು, ಪಾಚಿ, ಕಲ್ಲು, ನೆಲಕ್ಕೆ ಅಂಟಿಕೊಂಡ ಕುರುಚಲು.

"ಎಲ್ಲುಂಟು ಕಾಡು, ತೋರಿಸು ನೋಡುವ. ಅಲ್ಲಿ ನಿನ್ನ ಮೊಣಕಾಲಿಗಿಂತ ಎತ್ತರದ ಗಿಡವೇ ಇಲ್ಲ ಮಾರಾಯ."

"ಮತ್ತ ಈ ಪರಾಗ ಎಲ್ಲಿಂದ ಬಂತ್ರಿ?"

"ದಕ್ಷಿಣದಿಂದ ಗಾಳಿಯಲ್ಲಿ ಹಾರಿಕೊಂಡು ಬಂದದ್ದು. ಟಂಡ್ರಾದ ಗಿಡಗಳು ಪರಾಗ ಬಿಡುವುದೇ ಕಮ್ಮಿ. ಊರವರು ಮೆಲ್ಲಗೆ ಮಾತಾಡಿದ್ರೆ ಹೊರಗಿನವರ ಗಲಾಟೆಯೇ ಕೇಳುದಲ್ವಾ? ಹೋಗು, ಕಾಡು ಕಡಿದು ಬಾ."

ಇದು ನನ್ನ ತಲೆಗೆ ಹತ್ತಿದ್ದು ಶುಕ್ರವಾರ ಮನೆಯ ಏಸಿ ಫಿಲ್ಟರ್ ತೊಳೆಯುವಾಗ. ಮದೀನತ್ ಖಲೀಫಾದ ಒಂದು ಹಳೆಯ ವಿಲ್ಲಾದ ಹಿಂಭಾಗದಲ್ಲಿ ನಾವು ಮೂವರು ಬಾಡಿಗೆಗಿದ್ದೇವೆ. ಒಬ್ಬ ನಮ್ಮ ಕಡೆಯವನೇ, ಕಟ್ಟಡದ ಸೈಟಿನಲ್ಲಿ ಸೇಫ್ಟಿ ಆಫೀಸರ್. ಸೈಟಿಗೆ ಹೊರಡುವ ಮುಂಚೆ ಮೈತುಂಬ ಪೌಡರ್ ಹೊಡೆದುಕೊಳ್ಳುತ್ತಾನೆ. ಅವನು ಹೋದ ಮೇಲೆ ಕೋಣೆಯಲ್ಲಿ ಸ್ವಲ್ಪ ಹೊತ್ತು ಏನೂ ಕಾಣುವುದಿಲ್ಲ. ಇನ್ನೊಬ್ಬರು ಮಂಗಳೂರು ಕಡೆಯ ಅಕೌಂಟೆಂಟ್. ಬರುವುದು ಗೊತ್ತಾಗುವುದಿಲ್ಲ, ಹೋಗುವುದು ಗೊತ್ತಾಗುವುದಿಲ್ಲ, ಕುಡಿದ ಲೋಟವನ್ನು ಆಗಲೇ ತೊಳೆದಿಟ್ಟಿರುತ್ತಾರೆ. ಫಿಲ್ಟರ್ ಬಿಚ್ಚಿದರೆ ಅದರ ತುಂಬ ಪೌಡರ್, ಮೇಲೆ ಪಕ್ಕದ ಮನೆಯ ಬೆಕ್ಕಿನ ಕೂದಲು. ಆ ಬೆಕ್ಕು ನಮ್ಮ ಹೊಸಿಲು ದಾಟಿದ್ದೇ ಇಲ್ಲ. ಫಿಲ್ಟರನ್ನು ಮಾತ್ರ ನೋಡಿದ ಯಾರಾದರೂ ಈ ಮನೆಯಲ್ಲಿ ಒಬ್ಬ ಸೇಫ್ಟಿ ಆಫೀಸರ್ ಹಾಗೂ ಒಂದು ಬೆಕ್ಕು ಸಂಸಾರ ಮಾಡುತ್ತಿದ್ದಾರೆ ಎಂದು ಬರೆದುಬಿಡುತ್ತಿದ್ದರು. ಅಕೌಂಟೆಂಟರ ಸುಳಿವೇ ಇರುತ್ತಿರಲಿಲ್ಲ. ಪೈನ್ ಎಂದರೆ ಬೆಕ್ಕು ಎಂದು ಆವತ್ತು ನನಗೆ ಅರ್ಥವಾಯಿತು.

ಮೇಡಂ ತಲೆಕೆಡಿಸಿಕೊಂಡಿದ್ದು ಅಕೌಂಟೆಂಟರ ಜಾತಿಯ, ಇದ್ದೂ ಸುಳಿವು ಬಿಡದ ಗಿಡಗಳ ಬಗ್ಗೆ. ಒಂದು ಸಣ್ಣ ಕೆರೆಯ ಫೋಟೊದಲ್ಲಿ ದಂಡೆಯ ಇಳಿಜಾರು ಪೂರ್ತಿ ಹಳದಿ. ಸೂರ್ಯಕಾಂತಿಯ ಸಣಕಲು ತಂಗಿಯಂಥ ಹೂವು, ನೆಲಕ್ಕೆ ಚಾಪೆ ಹಾಸಿದ ಹಾಗೆ. ಇಂಥ ಹೂವುಗಳ ಪರಾಗವನ್ನು ಹುಳುಗಳು ಹೊತ್ತೊಯ್ಯುತ್ತವೆ, ಗಾಳಿಗೆ ಸಿಗುವುದು ಕಡಿಮೆ. ಆದ್ದರಿಂದ ಹೂಳಿನಲ್ಲಿ ಇವು ಕಾಣುವುದೇ ಇಲ್ಲ ಎಂದು ಹೂಳು ಕಳಿಸಿದ ಗೆಳೆಯರ ವಾದ. ಮೇಡಂ ಒಪ್ಪಲಿಲ್ಲ. ನೀರಿನ ಅಂಚಿನವರೆಗೂ ಹೂವಿದೆ, ತಾಳ್ಮೆಯಿಂದ ಹುಡುಕಿದರೆ ಸಿಕ್ಕೇ ಸಿಗುತ್ತದೆ, ನೀವೆಲ್ಲ ಮೈಕ್ರೋಸ್ಕೋಪಿನ ಮುಂದಿನಿಂದ ಬೇಗ ಎದ್ದುಬಿಡುತ್ತೀರಿ ಎಂದು ಅವರು ಈ ಕೆರೆಗಳ ಮೇಲೆ ಜೊತೆಯಾಗಿ ಕೆಲಸ ಮಾಡುವ ಇಡೀ ಗುಂಪಿನ ಮುಂದೆ ಹೇಳಿಬಿಟ್ಟಿದ್ದರು. ಗುಂಪಿನಲ್ಲಿದ್ದವರೆಲ್ಲ ದೊಡ್ಡ ವಿಶ್ವವಿದ್ಯಾಲಯದವರು. ಮೇಡಂ ಒಬ್ಬರೇ ಎಣ್ಣೆ ಬಾವಿಯ ಲ್ಯಾಬಿನವರು. ಅವರ ಮಾತಿಗೆ ಅಲ್ಲಿ ಮೊದಲೇ ತೂಕ ಕಡಿಮೆ. ಮುಂದಿನ ಆನ್‌ಲೈನ್ ಮೀಟಿಂಗಿನಲ್ಲಿ ಹೇಳಿದ್ದನ್ನು ತೋರಿಸಬೇಕಾಗಿತ್ತು. ಆ ಕೆರೆಯ ಹೂಳು ಬಂದಿದ್ದೇ ಒಂದು ಚಮಚದಷ್ಟು.

ಇಷ್ಟನ್ನೂ ನನಗೆ ಹೇಳಿ, ಹೂಳನ್ನು ಬೇಯಿಸುವ ಕೆಲಸ ತಾವೇ ನಿಂತು ಮಾಡಿಸಿ, ಸೋಸಿ ಉಳಿದದ್ದನ್ನು ಸಣ್ಣ ಸೀಸೆಗೆ ಹಾಕಿ, ಮೇಡಂ ತಂಗಿಯ ಮಗಳ ಮದುವೆಗೆ ಊರಿಗೆ ಹೊರಟರು. ಹೊರಡುವಾಗ ಹೇಳಿದ್ದು ಇಷ್ಟೇ: "ಸ್ಲೈಡ್ ಮಾಡು, ಎಣಿಸು, ಬೇರೆ ಎಂತ ಸಹ ಮಾಡ್ಬೇಡ."

ಬೇರೆ ಏನನ್ನೂ ಮಾಡುತ್ತಿರಲಿಲ್ಲ. ಆದರೆ ಅದೇ ವಾರ ಖಂಡೇನವಮಿ ಬಂತು.

ನಮ್ಮ ಕಡೆ ಖಂಡೇನವಮಿಗೆ ಕುಡಗೋಲಿನಿಂದ ಹಿಡಿದು ಟ್ರ್ಯಾಕ್ಟರಿನವರೆಗೆ ಅನ್ನ ಕೊಡುವ ಸಾಮಾನಿಗೆಲ್ಲ ಪೂಜೆ. ನನಗೆ ಅನ್ನ ಕೊಡುತ್ತಿದ್ದುದು ಮೈಕ್ರೋಸ್ಕೋಪು. ಅದು ಸುಮ್ಮನೆ ಬೋಳಾಗಿ ಕೂತಿರುವುದನ್ನು ನೋಡಿ ಕರುಳು ಚುರುಕ್ಕೆಂದಿತು. ನಾನು ಜವಾಬ್ದಾರಿಯಿಂದಲೇ ಯೋಚಿಸಿದೆ. ಊದಿನಕಡ್ಡಿ ಹಚ್ಚಿದರೆ ಫೈರ್ ಅಲಾರಂ ಹೊಡೆದುಕೊಳ್ಳುತ್ತದೆ, ಬೇಡ. ಕುಂಕುಮ ಲೆನ್ಸಿಗೆ ಹತ್ತುತ್ತದೆ, ಬೇಡ. ಕಾಯಿ ಒಡೆದರೆ ನೀರು ಸಿಡಿಯುತ್ತದೆ, ಬೇಡ. ಹೂವಿನಿಂದ ಯಾರಿಗೂ ಏನೂ ಆಗುವುದಿಲ್ಲ. ಪರಾಗ ಎಣಿಸಿ ಹೊಟ್ಟೆ ಹೊರೆಯುವ ಮನುಷ್ಯ ಈ ತೀರ್ಮಾನಕ್ಕೆ ಬಂದ ಎನ್ನುವುದನ್ನು ದಯವಿಟ್ಟು ಗಮನಿಸಬೇಕು.

ಇಂಡಿಯನ್ ಅಂಗಡಿಗೆ ಹಬ್ಬಕ್ಕೆಂದು ವಿಮಾನದಲ್ಲಿ ಚೆಂಡು ಹೂವಿನ ಮಾಲೆ ಬಂದಿತ್ತು. ಒಂದು ಮಾಲೆ ಕೊಂಡು ತಂದೆ. ಲ್ಯಾಬಿನಲ್ಲಿ ಯಾರೂ ಇಲ್ಲದ ಊಟದ ಹೊತ್ತಿನಲ್ಲಿ ಮಾಲೆಯನ್ನು ಮೈಕ್ರೋಸ್ಕೋಪಿನ ಮೇಲೆ ಬಾಗಿದ ದೀಪದ ಕೊಕ್ಕೆಗೆ ಇಳಿಬಿಟ್ಟೆ. ಕುರ್ಚಿಯ ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟೆ. ಎರಡು ಹೂವು ಕಿತ್ತು, ಅಂಗೈಯಲ್ಲಿ ತಿಕ್ಕಿ ಎಸಳು ಬಿಡಿಸಿ, ಕಣ್ಣು ಮುಚ್ಚಿ, ಯಂತ್ರದ ಮೇಲೆ ಹಾಗೂ ಪಕ್ಕದ ಟ್ರೇ ಮೇಲೆ ಭಕ್ತಿಯಿಂದ ಉದುರಿಸಿದೆ. ಟ್ರೇಯಲ್ಲಿದ್ದದ್ದು ಹಳದಿ ದಂಡೆಯ ಆ ಕೆರೆಯ ಸ್ಲೈಡುಗಳು. ಸೀಸೆಯಿಂದ ಹನಿ ಹಾಕಿ ಆಗಿತ್ತು. ಮೇಲಿನ ತೆಳು ಗಾಜು ಮುಚ್ಚುವುದಷ್ಟೇ ಬಾಕಿ. ಕಣ್ಣು ಬಿಟ್ಟು, ಎಸಳುಗಳನ್ನು ಒಂದೊಂದಾಗಿ ಆರಿಸಿ ತೆಗೆದು, ಗಾಜು ಮುಚ್ಚಿದೆ. ಎಸಳು ಒಂದೂ ಉಳಿಯಲಿಲ್ಲ ಎಂದು ಹೆಮ್ಮೆಪಟ್ಟೆ.

ಮರುದಿನ ಎಣಿಸಲು ಕೂತವನಿಗೆ ಮುಳ್ಳು ಮುಳ್ಳಾದ ದುಂಡನೆಯ ಪರಾಗ ಕಂಡಿತು. ಸೂರ್ಯಕಾಂತಿಯ ಬಳಗಕ್ಕೆ ಇರುವ ಮುಳ್ಳೇ ಅದು. ಸ್ಲೈಡು ಸರಿಸಿದೆ. ಮತ್ತೆ ಇತ್ತು. ಮತ್ತೊಂದು ಸ್ಲೈಡಿನಲ್ಲೂ ಇತ್ತು. ಗೆಳೆಯರೂ ಗುಂಪೂ ಸಿಗುವುದೇ ಇಲ್ಲ ಎಂದಿದ್ದ ಹೂವು ನನ್ನ ಕಣ್ಣಿಗೆ ಬಿದ್ದಿತ್ತು. ಫೋನನ್ನು ಮೈಕ್ರೋಸ್ಕೋಪಿಗೆ ಒತ್ತಿ ಹಿಡಿದು, ಅವಸರದಲ್ಲಿ ಒಂದು ಮಸುಕು ಫೋಟೊ ತೆಗೆದು ಮೇಡಂಗೆ ಕಳಿಸಿದೆ. ತಕ್ಷಣ ಫೋನ್ ಬಂತು. ಹಿಂದೆ ಮದುವೆ ಮನೆಯ ಬ್ಯಾಂಡು.

"ಇದು ಆ ಕೆರೆದ್ದಾ? ಸರಿ ನೋಡಿದ್ದೀಯಾ?"

"ನಾನು ಮಾಡಿದ ಸ್ಲೈಡ್ ರೀ ಮೇಡಂ."

"ಅದಕ್ಕೇ ಕೇಳಿದ್ದು" ಎಂದರು. ಆದರೆ ದನಿಯಲ್ಲಿ ನಗು ಇತ್ತು. ಆ ನಗು ನಾನು ಲ್ಯಾಬಿನಲ್ಲಿ ಕೇಳಿರಲಿಲ್ಲ. ಅದೇ ದಿನ ಅವರು ಹೂಳು ಕಳಿಸಿದ ಗೆಳೆಯರಿಗೆ ಫೋಟೊ ಕಳಿಸಿ, ನಾನು ಹೇಳಿರಲಿಲ್ಲವೇ ಎಂದು ಬರೆದರು.

ಮುಂದಿನ ಕೆಲವು ದಿನ ನಾನು ನೆಲದ ಮೇಲೆ ನಡೆದ ನೆನಪಿಲ್ಲ. ಅಲ್ ಅಜೀಜಿಯಾದಲ್ಲಿ ಬ್ಯಾಡ್ಮಿಂಟನ್ ಆಡಲು ಸೇರುವ ಕನ್ನಡದ ಹುಡುಗರಿಗೆ, ಆಟ ನಿಲ್ಲಿಸಿ, ಟಂಡ್ರಾ ಎಂದರೇನು ಎಂದು ಬ್ಯಾಟಿನಿಂದ ನೆಲದ ಮೇಲೆ ಬರೆದು ತೋರಿಸಿದೆ. ಅವ್ವನಿಗೆ, ಓಣಿಯಲ್ಲಿ ಇನ್ನು ರಿಗ್ಗು ಅನ್ನಬೇಡ, ವಿಜ್ಞಾನಿ ಅನ್ನು ಎಂದೆ. ಸೇಫ್ಟಿ ಆಫೀಸರ್ ಮೊದಲು ನಂಬಲಿಲ್ಲ.

"ಹಿಮದಾಗ ಹೂವ ಅದಾವು ಅಂತ ನೀ ಇಲ್ಲಿ ಏಸಿಯಾಗ ಕುಂತು ಹೇಳಿದಿ. ಅವರು ನಂಬಿದ್ರು?"

"ಸಾಕ್ಷಿ ಐತಿ ದೋಸ್ತ."

"ಹಂಗಿದ್ರ ಬಿರ್ಯಾನಿ ಕೊಡ್ಸು."

"ಕಂಡುಹಿಡಿದಾವ ನಾನು, ಕೊಡಸಾವ ನೀನು."

ಪಾಪ, ಕೊಡಿಸಿದ. ಅಕೌಂಟೆಂಟರು ತಮ್ಮ ಪಾಲಿನ ಮೊಟ್ಟೆಯನ್ನೂ ನನ್ನ ತಟ್ಟೆಗೆ ಹಾಕಿ, "ಒಳ್ಳೇದಾಯ್ತು" ಎಂದರು. ಅವರ ಬಾಯಿಂದ ಅದೇ ಭಾಷಣ.

ಮೇಡಂ ಮದುವೆಯ ಸಿಹಿಯ ಡಬ್ಬಿಯೊಂದಿಗೆ ಬಂದರು. ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಬ್ಯಾಗು ಕೆಳಗಿಡದೆ, ನೇರ ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿದರು. ನಾನು ಪಕ್ಕದಲ್ಲಿ ಹೊಗಳಿಸಿಕೊಳ್ಳುವ ಭಂಗಿಯಲ್ಲಿ ನಿಂತೆ. ಮೇಡಂ ನೋಡಿದರು. ಫೋಕಸ್ ತಿರುಗಿಸಿದರು. ಮತ್ತೆ ನೋಡಿದರು. ಬಹಳ ಹೊತ್ತಾದ ಮೇಲೆ ತಲೆ ಎತ್ತದೆಯೇ ಮಾತಾಡಿದರು. ಕನ್ನಡದಲ್ಲಿ. ನಾನು ಭಂಗಿ ಬಿಟ್ಟು ಸಿಹಿಯ ಡಬ್ಬಿಯನ್ನು ಮೇಜಿನ ಮೇಲಿಟ್ಟೆ.

"ಇದರ ಹೊಟ್ಟೆ ತುಂಬಿದೆಯಲ್ಲ ಮಾರಾಯ."

"ಹಂಗಂದ್ರ ಏನ್ರಿ?"

"ನಾವು ಹೂಳನ್ನು ಆಸಿಡ್‌ನಲ್ಲಿ ಬೇಯಿಸಿದೆವಲ್ವಾ? ಅದರಲ್ಲಿ ಬೆಂದ ಪರಾಗದ ಒಳಗೆ ಎಂತ ಸಹ ಉಳಿಯುದಿಲ್ಲ, ಬರೀ ಚಿಪ್ಪು. ಆ ಪೈನ್ ನೋಡು, ಖಾಲಿ. ಹುಲ್ಲಿನದ್ದು ನೋಡು, ಖಾಲಿ. ಈ ಮುಳ್ಳಿನದ್ದು ಮಾತ್ರ ಈಗಷ್ಟೇ ಊಟ ಮಾಡಿ ಬಂದ ಹಾಗೆ ಉಂಟು. ಇದು ಬೇಯಿಸಿದ ಮೇಲೆ ಬಿದ್ದದ್ದು. ಇಲ್ಲೇ ಬಿದ್ದದ್ದು."

ನಾನು ಬುದ್ಧಿವಂತನ ಹಾಗೆ ಸೂರು ನೋಡಿದೆ. ಏಸಿಯ ಗಾಳಿಯಲ್ಲಿ ಬಂದಿರಬಹುದು ಎಂದೆ. ದೋಹಾದ ಖರ್ಜೂರದ ಮರಗಳ ಮೇಲೆ ತಪ್ಪು ಹಾಕಿ ನೋಡಿದೆ. ಖರ್ಜೂರಕ್ಕೆ ಮುಳ್ಳಿಲ್ಲ ಎಂದರು ಮೇಡಂ. ಪೆಟ್ಟಿಗೆ ಇಳಿಸುವಾಗ ಸೆಕ್ಯುರಿಟಿಯವನು ಮುಟ್ಟಿದ್ದ ಎಂದೆ. ಮೇಡಂ ಮೈಕ್ರೋಸ್ಕೋಪಿನಿಂದ ತಲೆ ಎತ್ತಿದರು. ಎತ್ತಿದ ತಲೆಗೆ ಏನೋ ತಾಗಿತು. ನಿಧಾನಕ್ಕೆ ಮೇಲೆ ನೋಡಿದರು. ದೀಪದ ಕೊಕ್ಕೆಯಲ್ಲಿ ಒಣಗಿ ಬೀಜವಾದ ಚೆಂಡು ಹೂವಿನ ಮಾಲೆ, ದೀಪದ ಕಾವಿಗೆ ಸಣ್ಣಗೆ ಅಲ್ಲಾಡುತ್ತ ನೇತಾಡುತ್ತಿತ್ತು. ಎಸಳನ್ನೆಲ್ಲ ಆರಿಸಿ ತೆಗೆದವನು ಮಾಲೆಯನ್ನೇ ಮರೆತಿದ್ದೆ. ಮೇಡಂ ಕುರ್ಚಿ ಹಿಂದೆ ಸರಿಸಿದಾಗ ಗಾಲಿಗೆ ಸಿಕ್ಕಿ ಉರುಳಿದ್ದು, ಒಣಗಿದ ಲಿಂಬೆಹಣ್ಣು.

"ಇದು ಎಂತದು?"

"ಖಂಡೇನವಮಿ ರೀ ಮೇಡಂ."

ಮೇಡಂ ಬಯ್ಯಲಿಲ್ಲ. ಬೈದಿದ್ದರೆ ನಾನು ಬೇಗ ಬಚಾವಾಗುತ್ತಿದ್ದೆ. ಮಾಲೆಯಿಂದ ಒಂದು ಹೂವು ಕಿತ್ತು, ಹೊಸ ಸ್ಲೈಡಿನ ಮೇಲೆ ಕೊಡವಿ, ಕಣ್ಣು ಹಚ್ಚಿ, ನನಗೂ ನೋಡಲು ಹೇಳಿದರು. ಅದೇ ಮುಳ್ಳು, ಅದೇ ತುಂಬಿದ ಹೊಟ್ಟೆ. ಅವ್ವ ಹೇಳಿದ್ದೇ ನಿಜವಾಗಿತ್ತು: ನಾನು ಹೂವಿನ ಅಂಗಡಿಯಲ್ಲೇ ಇದ್ದೆ, ಉತ್ತರ ಧ್ರುವದ ಶಾಖೆಯಲ್ಲಿ.

ಮೀಟಿಂಗಿಗೆ ಹೆಚ್ಚು ದಿನ ಇರಲಿಲ್ಲ. ನಾನೊಂದು ಉಪಾಯ ಹೇಳಿದೆ. "ಮೇಡಂ, ಅವರಿಗೆ ಫೋಟೊ ಹೋಗಿಬಿಟ್ಟೈತ್ರಿ. ಫೋಟೊ ಮಸುಕು ಐತಿ. ಹೊಟ್ಟಿ ತುಂಬಿದ್ದು ಖಾಲಿ ಇದ್ದದ್ದು ಯಾರಿಗೂ ತಿಳ್ಯಾಂಗಿಲ್ಲ."

ಮೇಡಂ ನನ್ನ ಮುಖ ನೋಡಿದರು. "ನನಗೆ ಗೊತ್ತುಂಟಲ್ಲ" ಎಂದರು. ನನ್ನ ಎದುರಿಗೇ ಗೆಳೆಯರಿಗೆ ಫೋನ್ ಮಾಡಿ, ಫೋಟೊ ಅಳಿಸಿಬಿಡು, ಅದು ನಮ್ಮ ಲ್ಯಾಬಿನ ಹೂವು ಎಂದರು. ಆಚೆಯಿಂದ ನಗು ಕೇಳಿಸಿತು, ಬಹಳ ಹೊತ್ತು ನಿಲ್ಲಲಿಲ್ಲ. ಮೇಡಂ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದುಕೊಂಡು ನಗು ಮುಗಿಯುವವರೆಗೂ ಕಾದರು. ಅದು ನನಗೆ ಬಯ್ಗುಳಕ್ಕಿಂತ ಜಾಸ್ತಿ ತಾಗಿತು.

ನನ್ನ ಪುಣ್ಯಕ್ಕೆ ಸೀಸೆಯ ಮುಚ್ಚಳ ಬಿಗಿಯಾಗಿತ್ತು. ದೇವರಿಗೂ ತೆಗೆಯಲಾಗದಷ್ಟು ಬಿಗಿಯಾಗಿ ಮುಚ್ಚುವುದು ನನ್ನ ಇನ್ನೊಂದು ದುರಭ್ಯಾಸ. ತಳದಲ್ಲಿ ಸ್ವಲ್ಪ ಉಳಿದಿತ್ತು. ಹಳೆಯ ಸ್ಲೈಡುಗಳನ್ನೆಲ್ಲ ಎಸೆದು, ಮೇಜು ತೊಳೆದು, ನಾನೂ ತೊಳೆದುಕೊಂಡು, ಉಳಿದದ್ದರಲ್ಲಿ ಹೊಸ ಸ್ಲೈಡು ಮಾಡಿದೆವು. ಎಣಿಸು ಎಂದು ಮೇಡಂ ನನಗೇ ಹೇಳಿದರು. ಯಾಕೆ ನನಗೆ ಎಂದು ಕೇಳುವ ಧೈರ್ಯ ಆಗಲಿಲ್ಲ.

ಬದುಕಿನಲ್ಲಿ ಮೊದಲ ಸಲ ನಾನು ಸರಿಯಾಗಿ ಎಣಿಸಿದೆ. ಗೆರೆಯ ಮೇಲೆ ಗೆರೆ ಸರಿಸುತ್ತ ಹೋದೆ. ಹುಲ್ಲು, ಕುರುಚಲು ಬರ್ಚ್, ನೆಲಕ್ಕಂಟುವ ವಿಲೋ, ದೂರದಿಂದ ಬಂದ ಪೈನ್ ಬೆಕ್ಕು. ಮುಳ್ಳಿನದು ಒಂದು ಸಿಗಲಿ, ಹೊಟ್ಟೆ ಖಾಲಿಯಾದ ಒಂದೇ ಒಂದು ಸಾಕು, ಮೇಡಂ ಮಾತು ಉಳಿಯುತ್ತದೆ ಎಂದು ಕಣ್ಣಲ್ಲಿ ನೀರು ಬರುವವರೆಗೂ ಹುಡುಕಿದೆ. ಕೊನೆಯ ಸ್ಲೈಡಿನ ಅಂಚಿನಲ್ಲಿ ಮುದ್ದೆಯಾದ ಒಂದು ಸಿಕ್ಕಿತು. ಮೈಮೇಲೆ ಏನೋ ಉಬ್ಬು ಇದ್ದ ಹಾಗಿತ್ತು. ಮೇಡಂ ಅವರನ್ನು ಕೂಗಿದೆ.

ಅವರು ಬಂದು ನೋಡಿದರು. ಬಹಳ ಹೊತ್ತು ನೋಡಿದರು. ಅವರಿಗೂ ಅದು ಬೇಕಾಗಿತ್ತು ಎಂದು ನನಗೆ ಕಾಣುತ್ತಿತ್ತು.

"ಇದು ಪಾಚಿಯ ಬೀಜಕಣ" ಎಂದರು. "ಮುಳ್ಳಲ್ಲ, ಬರೀ ಗುಳ್ಳೆ."

"ಸ್ವಲ್ಪ ಮುಳ್ಳಿನಂಗ ಕಾಣ್ತೈತ್ರಿ."

"ನಿನಗೆ ಪೈನ್ ಕಾಡು ಸಹ ಕಂಡಿತ್ತು." ಆಮೇಲೆ ಎದ್ದು, "ಹಾಗಾದ್ರೆ ಸೊನ್ನೆ. ಬರಿ" ಎಂದರು.

ಮೀಟಿಂಗಿನ ದಿನ ನಾನು ಕ್ಯಾಮೆರಾಗೆ ಕಾಣದ ಮೂಲೆಯಲ್ಲಿ ಕೂತಿದ್ದೆ. ಮೇಡಂ ಪರದೆಯ ಮೇಲೆ ಹಳದಿ ಇಳಿಜಾರಿನ ಫೋಟೊ ಹಾಕಿ, ಅದರ ಪಕ್ಕ ನನ್ನ ಸೊನ್ನೆಯನ್ನು ದೊಡ್ಡದಾಗಿ ಹಾಕಿದರು. ತಾವು ಹೇಳಿದ್ದು ತಪ್ಪಾಯಿತು, ಸಿಗಲಿಲ್ಲ ಎಂದರು. ಇಷ್ಟು ಹೂವು ನೀರಿನ ಅಂಚಿನಲ್ಲಿ ನಿಂತಿದ್ದರೂ ಹೂಳು ಅದರ ಹೆಸರೇ ಎತ್ತುವುದಿಲ್ಲ. ಹಾಗಾಗಿ ಹಳೆಯ ಹೂಳಿನಲ್ಲಿ ಸೊನ್ನೆ ಕಂಡಾಗ ಅಲ್ಲಿ ಹೂವಿರಲಿಲ್ಲ ಎಂದು ನಾವ್ಯಾರೂ ಬರೆಯುವ ಹಾಗಿಲ್ಲ ಎಂದರು. ನಗುತ್ತಿದ್ದ ಗೆಳೆಯರು ನಗು ನಿಲ್ಲಿಸಿ ಏನೋ ಬರೆದುಕೊಳ್ಳತೊಡಗಿದರು. ಅಷ್ಟು ಖಚಿತವಾಗಿ ಸೊನ್ನೆ ಎಣಿಸಿದ್ದು ಯಾರು ಎಂದು ಗುಂಪಿನಲ್ಲಿ ಯಾರೋ ಕೇಳಿದರು. ಮೇಡಂ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು. ನಾನು ಆಗಷ್ಟೇ ಮದುವೆಯ ಸಿಹಿಯ ಕೊನೆಯ ತುಂಡನ್ನು ಬಾಯಿಗೆ ಹಾಕಿಕೊಂಡಿದ್ದೆ. ದೊಡ್ಡ ವಿಶ್ವವಿದ್ಯಾಲಯಗಳಿಗೆ ನನ್ನ ಪರಿಚಯ ಉಬ್ಬಿದ ಕೆನ್ನೆಯೊಂದಿಗೆ ಆಯಿತು.

ಮನೆಗೆ ಬಂದಾಗ ಸೇಫ್ಟಿ ಆಫೀಸರ್ ಬಾಗಿಲಲ್ಲೇ ಹಿಡಿದ.

"ಕಡೀಕ ಎಷ್ಟ್ ಸಿಕ್ಕುವು?"

"ಸೊನ್ನಿ."

"ಇಷ್ಟ್ ದಿನ ಎಣಿಸಿ ಸೊನ್ನಿ? ನನ್ನ ಬಿರ್ಯಾನಿ ವಾಪಸ್ ಕೊಡು ಮಗನ. ಅದ್ಹೆಂಗ್ ಇದಕ್ಕ ಪಗಾರ ಕೊಡ್ತಾರೋ."

ಅವನಿಗೆ ತಿಳಿಯಲೆಂದು ಏಸಿ ಫಿಲ್ಟರ್ ಬಿಚ್ಚಿ ಅವನ ಮುಂದೆ ಹಿಡಿದೆ. ಪೌಡರ್ ನಿನ್ನದು, ಕೂದಲು ಬೆಕ್ಕಿನದು ಎಂದು ಬೆರಳಿಟ್ಟು ತೋರಿಸಿ, ಅಕೌಂಟೆಂಟರದು ಎಲ್ಲಿದೆ ಹುಡುಕು ಎಂದೆ. ಆಮೇಲೆ ಇಬ್ಬರೂ ತಲೆ ಎತ್ತಿ ಅಕೌಂಟೆಂಟರನ್ನು ನೋಡಿದೆವು. ಅವರು ಎದುರಿನ ಮಂಚದ ಮೇಲೆ ಕೂತು ಸದ್ದಿಲ್ಲದೆ ಚಹಾ ಕುಡಿಯುತ್ತಿದ್ದರು.

"ಎಂತ?" ಎಂದರು ಅವರು, ಲೋಟ ಕೆಳಗಿಳಿಸಿ. "ಯಾಕೆ ಹಾಗೆ ನೋಡುದು ನೀವು?"